ಎಡಗಣ್ಣಿಗೊಂದು, ಬಲಗಣ್ಣಿಗೊಂದು

ಮೂರು ಆಯಾಮದ ಗ್ರಾಫನ್ನು ಚಪ್ಪಟೆ ಕಾಗದದ ಮೇಲೆ ಬಿಡಿಸಿದರೆ ಅದು ಅರ್ಧ ಸತ್ಯವನ್ನಷ್ಟೇ ಹೇಳುತ್ತದೆ. ಅದನ್ನೇ ಕೊಂಚ ತಿರುಗಿಸಿ ಪಕ್ಕದಲ್ಲಿ ಇನ್ನೊಮ್ಮೆ ಬಿಡಿಸಿ, ಉಳಿದರ್ಧವೂ ಕಾಣುತ್ತದೆ! ಹೆಡ್‌ಸೆಟ್ ಬೇಡ, ಬಣ್ಣದ ಕನ್ನಡಕ ಬೇಡ. ನಾಲ್ಕು ಸಾಲಿನ ಲೆಕ್ಕ, ಎರಡು ಕಣ್ಣು, ಸ್ವಲ್ಪ ತಾಳ್ಮೆ ಇದ್ದರೆ ಸಾಕು.

2023ರ ಸೆಪ್ಟೆಂಬರ್ 5ರಂದು ಇಸ್ರೊ ಒಂದು ವಿಚಿತ್ರ ಚಿತ್ರ ಹೊರಬಿಟ್ಟಿತು. ಚಂದ್ರನ ಬೂದು ನೆಲ, ಅದರ ಮೇಲೆ ವಿಕ್ರಮ್ ಲ್ಯಾಂಡರ್. ಆದರೆ ಲ್ಯಾಂಡರಿಗೂ ಸುತ್ತಲಿನ ನೆಲಕ್ಕೂ ಒಂದು ಬದಿಗೆ ಕೆಂಪು ಅಂಚು, ಇನ್ನೊಂದು ಬದಿಗೆ ನೀಲಿ ಅಂಚು. ಅಚ್ಚಿನಲ್ಲಿ ಬಣ್ಣ ಜರುಗಿ ಹಾಳಾದ ಹಳೆಯ ಸಿನಿಮಾ ಪೋಸ್ಟರಿನ ಹಾಗೆ.

ಮೇಜಿನ ಖಾನೆಯಿಂದ ಕೆಂಪು-ನೀಲಿ ಕನ್ನಡಕ ಹುಡುಕಿ ತೆಗೆದು ಹಾಕಿಕೊಂಡವರಿಗೆ ಮಾತ್ರ ಅದು ಗುಟ್ಟು ಬಿಟ್ಟುಕೊಟ್ಟಿತು. ಲ್ಯಾಂಡರ್ ಪರದೆಯಿಂದ ಎದ್ದು ನಿಂತಿತು. ಹಿಂದಿನ ನೆಲ ದೂರಕ್ಕೆ ಸರಿಯಿತು.

ಆಗಸ್ಟ್ 30ರಂದು ಆ ಚಿತ್ರ ತೆಗೆದದ್ದು ಆರು ಗಾಲಿಯ ಪ್ರಜ್ಞಾನ್ ರೋವರ್. ಅದಕ್ಕೆ ನಮ್ಮಂತೆಯೇ ಎರಡು ಕಣ್ಣು: ಎಡಕ್ಕೊಂದು, ಬಲಕ್ಕೊಂದು ನ್ಯಾವ್‌ಕ್ಯಾಮ್ ಕ್ಯಾಮೆರಾ. ಅವನ್ನು ರೂಪಿಸಿದ್ದು ಬೆಂಗಳೂರಿನ ಪೀಣ್ಯದಲ್ಲಿರುವ ಇಸ್ರೊದ ಎಲೆಕ್ಟ್ರೊ-ಆಪ್ಟಿಕ್ಸ್ ಪ್ರಯೋಗಾಲಯ. ಎಡ ಚಿತ್ರಕ್ಕೆ ಕೆಂಪು, ಬಲ ಚಿತ್ರಕ್ಕೆ ನೀಲಿ-ಹಸಿರು ಕೊಟ್ಟು ಒಂದರ ಮೇಲೊಂದು ಕೂರಿಸಿದ್ದು ಅಹಮದಾಬಾದಿನ ಬಾಹ್ಯಾಕಾಶ ಅನ್ವಯಿಕ ಕೇಂದ್ರ.

ಎರಡು ಕಣ್ಣು ಕೊಟ್ಟದ್ದು ಅಂದಕ್ಕಲ್ಲ. ಜೋಡಿಚಿತ್ರಗಳಿಂದ ಭೂಮಿಯ ಮೇಲಿನ ಗಣಕಗಳು ನೆಲದ ಏರಿಳಿತದ ನಕ್ಷೆ ಸಿದ್ಧಮಾಡಬೇಕು, ರೋವರಿನ ಮುಂದಿನ ಹೆಜ್ಜೆ ಅದರ ಮೇಲೆ ನಿರ್ಧಾರವಾಗಬೇಕು. ಆಗಸ್ಟ್ 27ರಂದು ಪ್ರಜ್ಞಾನ್ ಎದುರಿಗೆ ಮೂರು ಮೀಟರ್ ದೂರದಲ್ಲಿ ನಾಲ್ಕು ಮೀಟರ್ ಅಗಲದ ಕುಳಿ ಕಂಡಿತು. ‘ಬಂದ ದಾರಿಯಲ್ಲೇ ಹಿಂದಿರುಗು’ ಎಂಬ ಆಜ್ಞೆ ಹೋಯಿತು. 26 ಕೆ.ಜಿ. ತೂಕದ ಗಾಡಿ ಬಚಾವಾಯಿತು.

ಪ್ರತಿ ವರ್ಷ ಆಗಸ್ಟ್ 23ರಂದು ರಾಷ್ಟ್ರೀಯ ಬಾಹ್ಯಾಕಾಶ ದಿನ. ಶಾಲೆಗಳ ಗೋಡೆಗಳ ಮೇಲೆ ಆ ಕೆಂಪು-ನೀಲಿ ವಿಕ್ರಮ್ ಮತ್ತೆ ಕಾಣಿಸಿಕೊಳ್ಳುವ ಹೊತ್ತು. ಅದರ ಹಿಂದಿರುವ ಉಪಾಯಕ್ಕೆ ಚಂದ್ರಯಾನದಷ್ಟು ಖರ್ಚಿಲ್ಲ. ನಿಮ್ಮ ಲ್ಯಾಪ್‌ಟಾಪಿನ ಯಾವುದೇ ಗ್ರಾಫ್ ತಂತ್ರಾಂಶ ಅದನ್ನು ಮಾಡಬಲ್ಲದು. ಅಷ್ಟೇಕೆ, ಪೆನ್ನು-ಕಾಗದವೂ ಮಾಡಬಲ್ಲದು. ಈ ಉಪಾಯ ಹುಟ್ಟಿದ್ದೇ ಗೆರೆಚಿತ್ರಗಳಲ್ಲಿ.

ಕ್ಯಾಮೆರಾಕ್ಕಿಂತ ಹಳೆಯದು

1838ರ ಜೂನ್ 21. ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಚಾರ್ಲ್ಸ್ ವೀಟ್‌ಸ್ಟನ್ ಎಂಬ ಭೌತವಿಜ್ಞಾನಿಯ ಪ್ರಬಂಧ ಓದಲಾಯಿತು. ವಿಷಯ: ನೋಡುವುದು ಎಂದರೆ ಏನು?

ವೀಟ್‌ಸ್ಟನ್ ಕಟ್ಟಿದ್ದ ಉಪಕರಣ ತೀರಾ ಸರಳ. ಒಂದಕ್ಕೊಂದು ಲಂಬವಾಗಿ ಬೆನ್ನು ತಾಗಿಸಿ ನಿಲ್ಲಿಸಿದ ಎರಡು ಕನ್ನಡಿ. ಎಡಗನ್ನಡಿಗೆ ಎದುರಾಗಿ ಒಂದು ಚಿತ್ರ, ಬಲಗನ್ನಡಿಗೆ ಎದುರಾಗಿ ಇನ್ನೊಂದು. ಮೂಗನ್ನು ಕನ್ನಡಿಗಳ ಕೂಡುಗೆರೆಗೆ ತಂದು ನೋಡಿದರೆ ಪ್ರತಿ ಕಣ್ಣಿಗೂ ತನ್ನ ಪಾಲಿನ ಚಿತ್ರ ಮಾತ್ರ ಕಾಣುತ್ತದೆ. ಎರಡೂ ಸೇರಿ, ಗಾಳಿಯಲ್ಲಿ ಘನವಸ್ತುವೊಂದು ನಿಂತಂತೆ ತೋರುತ್ತದೆ.

ಯಾವ ಚಿತ್ರಗಳು? ಫೋಟೊ ಅಲ್ಲ. ಫೋಟೊಗ್ರಫಿಯನ್ನು ಜಗತ್ತಿಗೆ ಘೋಷಿಸಿದ್ದೇ ಮರುವರ್ಷ, 1839ರಲ್ಲಿ. ವೀಟ್‌ಸ್ಟನ್ ಬಳಸಿದ್ದು ಘನ, ಶಂಕು, ಪಿರಮಿಡ್ಡುಗಳ ರೇಖಾಚಿತ್ರಗಳನ್ನು. ನೆರಳಿಲ್ಲ, ಬಣ್ಣವಿಲ್ಲ, ಬರೀ ಗೆರೆ. ಬೇಕೆಂದೇ ಹಾಗೆ ಮಾಡಿದ್ದು. ನೆರಳು-ಬೆಳಕಿನ ಸಹಾಯವಿಲ್ಲದೆಯೂ ಆಳ ಕಂಡಿತೆಂದರೆ, ಅದು ಎರಡು ಚಿತ್ರಗಳ ನಡುವಿನ ಅಲ್ಪ ವ್ಯತ್ಯಾಸದಿಂದಲೇ ಬಂದಿರಬೇಕು.

ಅಂದರೆ, ಲೋಕದ ಮೊದಲ ಸ್ಟೀರಿಯೊ ಜೋಡಿಗಳು ಲೆಕ್ಕ ಹಾಕಿ ಬಿಡಿಸಿದ ಮೂರು ಆಯಾಮದ ನಕ್ಷೆಗಳು. ಇಂದು ಗಣಕ ಮಾಡುವ ಕೆಲಸವನ್ನು ಆಗ ಸ್ಕೇಲು, ಪೆನ್ಸಿಲು ಮಾಡಿದ್ದವು.

ನಂತರ ಫೋಟೊ ಬಂತು, ಗೆರೆಗಳು ಮರೆಗೆ ಸರಿದವು. 1849ರಲ್ಲಿ ಡೇವಿಡ್ ಬ್ರೂಸ್ಟರ್ ಕನ್ನಡಿಯ ಬದಲು ಮಸೂರವಿಟ್ಟು ಕೈಯಲ್ಲಿ ಹಿಡಿಯುವ ಪೆಟ್ಟಿಗೆ ಮಾಡಿದ. 1851ರ ಲಂಡನ್ ಮಹಾಪ್ರದರ್ಶನದಲ್ಲಿ ವಿಕ್ಟೋರಿಯಾ ರಾಣಿಯೇ ಅದಕ್ಕೆ ಮನಸೋತಳು. ಸ್ಟೀರಿಯೊಸ್ಕೋಪ್ ಎಂಬ ಆ ಪೆಟ್ಟಿಗೆ ಮನೆಮನೆಯ ಪಡಸಾಲೆ ಸೇರಿತು. 1939ರಲ್ಲಿ ಅದೇ ವ್ಯೂ-ಮಾಸ್ಟರ್ ಆಗಿ ಬಂತು, ಮುಂದೆ ಮಕ್ಕಳ ಕೈ ಸೇರಿತು: ಒಂದು ಬಿಲ್ಲೆ, ಏಳು ದೃಶ್ಯ, ಹದಿನಾಲ್ಕು ಪುಟಾಣಿ ಚಿತ್ರ. ವಿಜ್ಞಾನಿಯ ಉಪಕರಣ ಆಟಿಕೆಯಾಯಿತು.

> ನೀವೇ ಮಾಡಿ ನೋಡಿ
>
> ಬಿಳಿ ಹಾಳೆಯಲ್ಲಿ ರೂಪಾಯಿ ನಾಣ್ಯದಷ್ಟು ದೊಡ್ಡ ಎರಡು ವೃತ್ತ ಬಿಡಿಸಿ. ಅವುಗಳ ಕೇಂದ್ರಗಳ ನಡುವೆ 5 ಸೆಂ.ಮೀ. ಅಂತರವಿರಲಿ.
>
> ಎಡ ವೃತ್ತದೊಳಗೆ, ಕೇಂದ್ರದಿಂದ 2 ಮಿ.ಮೀ. ಬಲಕ್ಕೆ ಒಂದು ದಪ್ಪ ಚುಕ್ಕೆ ಇಡಿ. ಬಲ ವೃತ್ತದೊಳಗೆ, ಕೇಂದ್ರದಿಂದ 2 ಮಿ.ಮೀ. ಎಡಕ್ಕೆ ಇನ್ನೊಂದು.
>
> ಎರಡು ವೃತ್ತಗಳ ನಡುವೆ ಪೋಸ್ಟ್‌ಕಾರ್ಡ್ ನಿಲ್ಲಿಸಿ, ಅದರ ಮೇಲಂಚಿಗೆ ಮೂಗು ತನ್ನಿ. ಕಾಗದದಾಚೆ ದೂರದಲ್ಲೇನೋ ಇದೆ ಎಂಬಂತೆ ನೋಟ ಸಡಿಲ ಬಿಡಿ. ವೃತ್ತಗಳು ತೇಲಿಬಂದು ಒಂದಾಗುತ್ತವೆ. ಚುಕ್ಕೆ ವೃತ್ತದಿಂದ ಮೇಲೆದ್ದು ನಿಮ್ಮ ಕಡೆಗೆ ನಿಲ್ಲುತ್ತದೆ.
>
> ಒಂದೇ ಒಂದು ಬಿಂದುವಿರುವ ಮೂರು ಆಯಾಮದ ಪ್ಲಾಟ್ ಇದು!

ಒಂಟಿ ಚಿತ್ರದಲ್ಲಿ ಇಲ್ಲದ ಚೌಕ

ಆಟಿಕೆಯನ್ನು ಮತ್ತೆ ಪ್ರಯೋಗಾಲಯಕ್ಕೆ ಕರೆತಂದದ್ದು ಗಣಕ. ಅದರ ಹಿಂದೆ ಇದ್ದವನು ಬೆಲಾ ಯೂಲೆಶ್ ಎಂಬ ಹಂಗೇರಿಯನ್. 1956ರ ದಂಗೆಯ ನಂತರ ದೇಶ ಬಿಟ್ಟು ಅಮೆರಿಕದ ಬೆಲ್ ಲ್ಯಾಬ್ಸ್ ಸೇರಿದ್ದ ಎಂಜಿನಿಯರ್. ವಿಮಾನದಿಂದ ತೆಗೆದ ಫೋಟೊಗಳ ವಿಷಯದಲ್ಲಿ ಆತನಿಗೊಂದು ಸಂಗತಿ ಗೊತ್ತಿತ್ತು: ಒಂಟಿ ಫೋಟೊದಲ್ಲಿ ಹಸಿರು ಬಲೆಯಡಿ ಅಡಗಿದ ಫಿರಂಗಿ, ಜೋಡಿ ಫೋಟೊಗಳನ್ನು ಸ್ಟೀರಿಯೊಸ್ಕೋಪಿನಲ್ಲಿಟ್ಟ ಕೂಡಲೇ ಎದ್ದು ಕಾಣುತ್ತದೆ.

ಇದನ್ನೇ ಯೂಲೆಶ್ ತುದಿ ಮುಟ್ಟಿಸಿದ. ಗಣಕಕ್ಕೆ ಹೇಳಿ ಕಪ್ಪು-ಬಿಳಿ ಚುಕ್ಕೆಗಳನ್ನು ಮನಬಂದಂತೆ ಚೆಲ್ಲಿಸಿದ. ಅದರದ್ದೇ ಪ್ರತಿ ಪಕ್ಕದಲ್ಲಿ. ಎರಡನೆಯದರಲ್ಲಿ ನಡುವಿನ ಒಂದು ಚೌಕದಷ್ಟು ಚುಕ್ಕೆಗಳನ್ನು ಕೆಲವು ಕಂಬಸಾಲು ಪಕ್ಕಕ್ಕೆ ಸರಿಸಿ, ಖಾಲಿಯಾದ ಜಾಗದಲ್ಲಿ ಹೊಸ ಚುಕ್ಕೆ ತುಂಬಿಸಿದ. 1960ರಲ್ಲಿ ಪ್ರಕಟವಾದ ಆ ಜೋಡಿಯಲ್ಲಿ ಯಾವ ಚಿತ್ರವನ್ನು ಬಿಡಿಯಾಗಿ ನೋಡಿದರೂ ಬರೀ ಮರಳು ಚೆಲ್ಲಿದಂತಿದೆ. ಎರಡನ್ನೂ ಬೆಸೆದರೆ ನಡುವೆ ಚೌಕವೊಂದು ತೇಲುತ್ತದೆ.

ಆ ಚೌಕ ಎಡ ಚಿತ್ರದಲ್ಲಿಲ್ಲ, ಬಲ ಚಿತ್ರದಲ್ಲೂ ಇಲ್ಲ. ಹಾಗಾದರೆ ಎಲ್ಲಿದೆ? ನೋಡುವವನ ತಲೆಯೊಳಗೆ. ವಸ್ತುವನ್ನು ಗುರುತಿಸಿದ ಮೇಲೆ ಮಿದುಳು ಆಳ ಊಹಿಸುತ್ತದೆ ಎಂಬ ನಂಬಿಕೆ ಅಲ್ಲಿಗೆ ಮುರಿಯಿತು. ಗುರುತಿಸಲು ಏನೂ ಇಲ್ಲದಿದ್ದರೂ ಆಳ ಮೊದಲು ಬರುತ್ತದೆ. 1967ರಲ್ಲಿ ಬೆಕ್ಕಿನ ಮಿದುಳಿನಲ್ಲಿ, ಎರಡು ಕಣ್ಣುಗಳ ಬಿಂಬಗಳ ನಡುವಿನ ಇಂಥ ವ್ಯತ್ಯಾಸಕ್ಕೆಂದೇ ಮಿಡಿಯುವ ನರಕೋಶಗಳೂ ಸಿಕ್ಕವು.

ಅದೇ ಬೆಲ್ ಲ್ಯಾಬ್ಸ್‌ನಲ್ಲಿ 1960ರ ದಶಕದ ನಡುವೆ ಮೈಕೆಲ್ ನಾಲ್ ಇನ್ನೊಂದು ಹೆಜ್ಜೆ ಮುಂದೆ ಹೋದ. ಗಣಕದಿಂದ ಸ್ಟೀರಿಯೊ ಚಲನಚಿತ್ರಗಳನ್ನೇ ಮಾಡಿಸಿದ. ನಾಲ್ಕು ಆಯಾಮದ ಘನವೊಂದು ತಿರುಗುವಾಗ ಅದರ ಮೂರು ಆಯಾಮದ ಛಾಯೆ ಹೇಗೆ ಮಗುಚಿಕೊಳ್ಳುತ್ತದೆಂದು ತೋರಿಸಿದ. ಕಣ್ಣೆದುರು ಎಂದೂ ಇರಲಾರದ ವಸ್ತುವಿಗೂ ಸ್ಟೀರಿಯೊ ಜೋಡಿ ಸಾಧ್ಯವಾಯಿತು.

ಓಕ್ ರಿಜ್‌ನ ಪೆನ್ನು

ಆದರೆ ಸ್ಟೀರಿಯೊ ಜೋಡಿಯನ್ನು ದಿನನಿತ್ಯದ ಕೆಲಸಕ್ಕೆ ಹೂಡಿದವರು ಹರಳುಗಳ ಅಧ್ಯಯನ ಮಾಡುವ ವಿಜ್ಞಾನಿಗಳು. ಅವರ ಕಷ್ಟ ಅಂಥದು. ಹರಳಿನ ಮೂಲಕ ಕ್ಷ-ಕಿರಣ ಹಾಯಿಸಿ, ಚೆದುರಿದ ಕಿರಣಗಳ ಲೆಕ್ಕ ಹಾಕಿ, ತಿಂಗಳುಗಟ್ಟಲೆ ಬೆವರಿದ ಮೇಲೆ ಕೈಗೆ ಸಿಗುವುದು ಸಂಖ್ಯೆಗಳ ಪಟ್ಟಿ: ಪ್ರತಿ ಪರಮಾಣುವಿಗೂ ಮೂರು ನಿರ್ದೇಶಾಂಕ. ಅದನ್ನು ಓದಿ ಅಣುವಿನ ಆಕಾರ ಕಲ್ಪಿಸಿಕೊಳ್ಳುವುದು ಯಾರಿಂದ ಸಾಧ್ಯ? ತಂತಿ, ಗೋಲಿಗಳಿಂದ ಮಾದರಿ ಕಟ್ಟಬಹುದು ನಿಜ. ಆದರೆ ಅದನ್ನು ಪತ್ರಿಕೆಯಲ್ಲಿ ಅಚ್ಚು ಹಾಕುವುದು ಹೇಗೆ?

ಉತ್ತರ ಬಂದದ್ದು 1965ರಲ್ಲಿ, ಅಮೆರಿಕದ ಟೆನೆಸ್ಸಿಯಿಂದ. ಅಣುಬಾಂಬಿನ ಯೋಜನೆಗಾಗಿ ಹುಟ್ಟಿದ ಓಕ್ ರಿಜ್ ರಾಷ್ಟ್ರೀಯ ಪ್ರಯೋಗಾಲಯದ ಕ್ಯಾರೊಲ್ ಜಾನ್ಸನ್ ಎಂಬ ವಿಜ್ಞಾನಿ ಫೋರ್ಟ್ರಾನ್ ಭಾಷೆಯಲ್ಲಿ ಒಂದು ತಂತ್ರಾಂಶ ಬರೆದ. ಹೆಸರು ಆರ್‌ಟೆಪ್. ಪರಮಾಣುಗಳ ಪಟ್ಟಿ ಕೊಟ್ಟರೆ ಗಣಕಕ್ಕೆ ಜೋಡಿಸಿದ ಪೆನ್ ಪ್ಲಾಟರ್ ಕಾಗದದ ಮೇಲೆ ಅಣುವನ್ನು ಬಿಡಿಸುತ್ತಿತ್ತು. ಕೇಳಿದರೆ ಎರಡು ಸಲ: ಎಡಗಣ್ಣಿಗೊಂದು, ಬಲಗಣ್ಣಿಗೊಂದು.

ಆರ್‌ಟೆಪ್ ಪರಮಾಣುವನ್ನು ಗೋಲಿಯಾಗಿ ಬಿಡಿಸಲಿಲ್ಲ. ಹರಳಿನೊಳಗೆ ಪರಮಾಣುಗಳು ಸುಮ್ಮನೆ ಕೂರುವುದಿಲ್ಲ, ಶಾಖದಿಂದ ಅದುರುತ್ತಿರುತ್ತವೆ. ಒಂದೊಂದು ದಿಕ್ಕಿಗೆ ಒಂದೊಂದು ಪ್ರಮಾಣದಲ್ಲಿ. ಆ ಅದುರುವಿಕೆಯನ್ನು ಆರ್‌ಟೆಪ್ ಮೊಟ್ಟೆಯಾಕಾರದ ದೀರ್ಘಗೋಲವಾಗಿ ಬಿಡಿಸಿತು. ಆ ಗೋಲದೊಳಗೆ ಪರಮಾಣುವಿನ ಕೇಂದ್ರ ಸಿಗುವ ಸಂಭವ ಸಾಮಾನ್ಯವಾಗಿ ಶೇ 50. ಚಪ್ಪಟೆ ಚಿತ್ರದಲ್ಲಿ ಇಂಥ ಗೋಲ ಯಾವ ಕಡೆ ಚಾಚಿದೆ ಎಂದು ಹೇಳುವುದೇ ಕಷ್ಟ. ಜೋಡಿಚಿತ್ರದಲ್ಲಿ ಅದು ಮುಂದಕ್ಕೆ ಚಾಚಿದೆಯೋ ಹಿಂದಕ್ಕೋ ಕೂಡಲೇ ತಿಳಿಯುತ್ತದೆ.

ಮುಂದಿನ ದಶಕಗಳಲ್ಲಿ ಹರಳುವಿಜ್ಞಾನದ ಪತ್ರಿಕೆಗಳ ಪುಟಗಳಲ್ಲಿ ಅವಳಿ ಚಿತ್ರಗಳು ಮಾಮೂಲಾದವು. ಓದುವವರ ಮೇಜಿನ ಮೇಲೆ ಮಡಚುವ ಕಾಲಿನ ಪುಟ್ಟ ಸ್ಟೀರಿಯೊ ಮಸೂರ. ಅಭ್ಯಾಸವಾದವರಿಗೆ ಅದೂ ಬೇಡ, ಪುಟವನ್ನು ಮುಖದೆದುರು ಹಿಡಿದು ನೋಟ ಸಡಿಲಿಸಿದರೆ ಆಯಿತು. ‘ಆರ್‌ಟೆಪ್’ ಎಂಬುದು ತಂತ್ರಾಂಶದ ಹೆಸರಷ್ಟೇ ಆಗಿ ಉಳಿಯದೆ ಆ ಬಗೆಯ ಚಿತ್ರಕ್ಕೇ ಹೆಸರಾಯಿತು. ರಸಾಯನ ವಿಜ್ಞಾನಿಗಳು ಇಂದಿಗೂ ‘ಆರ್‌ಟೆಪ್ ಹಾಕಿದ್ದೀಯಾ?’ ಎಂದೇ ಕೇಳುತ್ತಾರೆ.

ಕಡಲೆಕಾಯಿಯ ಪ್ರೊಟೀನ್

ಈ ಕಥೆಯ ಒಂದು ಎಳೆ ಬೆಂಗಳೂರಿನಲ್ಲಿದೆ. 1970ರ ದಶಕದ ಆರಂಭದಲ್ಲಿ ವಿಜ್ಞಾನಿ ಜಿ.ಎನ್. ರಾಮಚಂದ್ರನ್ ಮದರಾಸು ಬಿಟ್ಟು ಇಲ್ಲಿನ ಟಾಟಾ ಇನ್‌ಸ್ಟಿಟ್ಯೂಟಿಗೆ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಮಾಲಿಕ್ಯುಲರ್ ಬಯೊಫಿಸಿಕ್ಸ್ ವಿಭಾಗ ಕಟ್ಟಿದರು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಎಂ. ವಿಜಯನ್ ಆಕ್ಸ್‌ಫರ್ಡಿನಿಂದ ಹಿಂದಿರುಗಿದರು. ಹರಳುವಿಜ್ಞಾನಿ ಡೊರೊತಿ ಹಾಜ್‌ಕಿನ್ ಅವರ ತಂಡದಲ್ಲಿ 1969ರಲ್ಲಿ ಇನ್ಸುಲಿನ್ ರಚನೆ ಬಿಡಿಸಿದವರಲ್ಲಿ ಅವರೂ ಒಬ್ಬರು.

ವಿಜಯನ್ ಮತ್ತು ಸಂಗಡಿಗರು ಕೈಗೆತ್ತಿಕೊಂಡವುಗಳಲ್ಲಿ ಒಂದು ನಮಗೆ ತೀರಾ ಪರಿಚಿತ. ಬಸವನಗುಡಿಯಲ್ಲಿ ಕಾರ್ತಿಕದ ಕೊನೆಯ ಸೋಮವಾರ ಪರಿಷೆ ನಡೆಯುವುದೇ ಅದರ ಹೆಸರಿನಲ್ಲಿ. ಕಡಲೆಕಾಯಿ! ಅದರಲ್ಲಿರುವ ಲೆಕ್ಟಿನ್ ಎಂಬ ಪ್ರೊಟೀನಿನ ರಚನೆಯನ್ನು ಅವರು 1994ರಲ್ಲಿ ಪ್ರಕಟಿಸಿದರು.

ಅದರಲ್ಲೊಂದು ಅಚ್ಚರಿಯಿತ್ತು. ಈ ಪ್ರೊಟೀನಿನಲ್ಲಿ ಒಂದೇ ಬಗೆಯ ನಾಲ್ಕು ತುಂಡುಗಳಿವೆ. ನಾಲ್ಕು ಸಮ ತುಂಡುಗಳು ಸೇರಿದಾಗ ಅಚ್ಚುಕಟ್ಟಾದ ಸಮಮಿತಿ ಇರಬೇಕೆಂಬುದು ವಾಡಿಕೆ. ಕಡಲೆಕಾಯಿ ಅದನ್ನು ಮುರಿದಿತ್ತು. ನಾಲ್ಕು ತುಂಡುಗಳು ಸೊಟ್ಟಗೆ, ಬಾಯ್ತೆರೆದಂತೆ ಜೋಡಣೆಯಾಗಿದ್ದವು. ಇಂಥ ಜೋಡಣೆಯನ್ನು ಒಂದೇ ಚಪ್ಪಟೆ ಚಿತ್ರದಲ್ಲಿ ತೋರಿಸಲು ಹೊರಟರೆ ಯಾವ ತುಂಡು ಮುಂದೆ, ಯಾವುದು ಹಿಂದೆ ಎಂಬ ಗೊಂದಲ ತಪ್ಪಿದ್ದಲ್ಲ. ಪ್ರೊಟೀನ್ ವಿಜ್ಞಾನಿಗಳು ಎರಡನೆಯ ಚಿತ್ರಕ್ಕೆ ಜಾಗ ಕೇಳುತ್ತಿದ್ದುದು ಅದಕ್ಕೇ.

> ಕಾಲದ ಗೆರೆ
>
> 1838 – ವೀಟ್‌ಸ್ಟನ್ ಕನ್ನಡಿ ಸ್ಟೀರಿಯೊಸ್ಕೋಪ್, ಬರೀ ರೇಖಾಚಿತ್ರಗಳು
>
> 1853 – ವಿಲ್ಹೆಲ್ಮ್ ರೋಲ್‌ಮನ್ ಅವರಿಂದ ಎರಡು ಬಣ್ಣದ ಅನಾಗ್ಲಿಫ್ ತತ್ವ
>
> 1960 – ಯೂಲೆಶ್ ಚುಕ್ಕೆಗಳ ಜೋಡಿ
>
> 1965 – ಆರ್‌ಟೆಪ್
>
> 1984 – ಭಾರತದ ಮೊದಲ 3ಡಿ ಸಿನಿಮಾ, ಮಲಯಾಳದ ‘ಮೈ ಡಿಯರ್ ಕುಟ್ಟಿಚಾತನ್’
>
> 2005 – ಕಾರ್ಟೊಸ್ಯಾಟ್-1: ಮುಂದಕ್ಕೆ 26 ಡಿಗ್ರಿ, ಹಿಂದಕ್ಕೆ 5 ಡಿಗ್ರಿ ವಾಲಿದ ಎರಡು ಕ್ಯಾಮೆರಾಗಳಿಂದ ನೆಲದ ಸ್ಟೀರಿಯೊ ಜೋಡಿ
>
> 2023 – ಚಂದ್ರನ ಮೇಲಿಂದ ಪ್ರಜ್ಞಾನ್ ಕಳಿಸಿದ ಜೋಡಿಚಿತ್ರ

ಮೂರು ಡಿಗ್ರಿಯ ಲೆಕ್ಕ

ತಂತ್ರಾಂಶ ನಿಜಕ್ಕೂ ಮಾಡುವುದೇನು? ಕೇಳಿದರೆ ನಿರಾಸೆಯಾಗುವಷ್ಟು ಸ್ವಲ್ಪ.

ನಮ್ಮ ಎರಡು ಕಣ್ಣುಪಾಪೆಗಳ ನಡುವೆ ಸರಾಸರಿ 63 ಮಿ.ಮೀ. ಅಂತರ. 60 ಸೆಂ.ಮೀ. ದೂರದಲ್ಲಿರುವ ವಸ್ತುವನ್ನು ನೋಡುವಾಗ ಎರಡು ಕಣ್ಣುಗಳ ನೋಟಗಳ ನಡುವೆ ಸುಮಾರು 6 ಡಿಗ್ರಿ ಕೋನ. ಹಾಗಾಗಿ ಗ್ರಾಫನ್ನು ಒಮ್ಮೆ 3 ಡಿಗ್ರಿ ಅತ್ತ, ಒಮ್ಮೆ 3 ಡಿಗ್ರಿ ಇತ್ತ ತಿರುಗಿಸಿ ಬಿಡಿಸಿದರೆ ಜೋಡಿ ಸಿದ್ಧ. ನಡುವಿನ ತಲಕ್ಕಿಂತ ಒಂದು ಸೆಂ.ಮೀ. ಮುಂದಿರುವ ಚುಕ್ಕೆ ಎರಡು ಚಿತ್ರಗಳಲ್ಲಿ ಒಟ್ಟು ಒಂದು ಮಿ.ಮೀ. ಆಸುಪಾಸು ಆಚೀಚೆ ಸರಿಯುತ್ತದೆ. ಆ ಒಂದು ಮಿ.ಮೀ. ಸಾಕು, ಮಿಕ್ಕ ಕೆಲಸ ಮಿದುಳಿನದು.

ಎಡವುವುದು ಒಂದು ಕಡೆ. ಗ್ರಾಫ್ ತಂತ್ರಾಂಶಗಳು ಚಿತ್ರವನ್ನು ಸಾಮಾನ್ಯವಾಗಿ ಮೇಲಿನಿಂದ ಓರೆಯಾಗಿ ತೋರಿಸುತ್ತವೆ. ನೋಟದ ಕೋನ ಬದಲಿಸುವ ಆಜ್ಞೆ ಕೊಟ್ಟರೆ ಗ್ರಾಫು ತನ್ನದೇ ನಿಂತ ಅಕ್ಷದ ಸುತ್ತ ತಿರುಗುತ್ತದೆ. ಆ ಅಕ್ಷವೋ ಪರದೆಯೊಳಕ್ಕೆ ವಾಲಿರುತ್ತದೆ. ಹೀಗಾಗಿ ಚುಕ್ಕೆಗಳು ಎಡಬಲಕ್ಕಷ್ಟೇ ಅಲ್ಲ, ಮೇಲಕ್ಕೂ ಕೆಳಕ್ಕೂ ಸರಿದುಬಿಡುತ್ತವೆ. ನಮ್ಮ ಕಣ್ಣುಗಳು ಅಕ್ಕಪಕ್ಕ ಇವೆಯೇ ಹೊರತು ಒಂದರ ಮೇಲೊಂದಿಲ್ಲ. ಎಡಬಲದ ವ್ಯತ್ಯಾಸವನ್ನು ಮಿದುಳು ಆಳವೆಂದು ಓದುತ್ತದೆ, ಮೇಲೆ-ಕೆಳಗಿನ ವ್ಯತ್ಯಾಸ ತಲೆನೋವಾಗುತ್ತದೆ.

ಗ್ನುಪ್ಲಾಟ್ ಎಂಬ ಜನಪ್ರಿಯ ತಂತ್ರಾಂಶವನ್ನೇ ನೋಡಿ. ಅದು ತಾನಾಗಿ ಹಿಡಿಯುವ ಓರೆ 60 ಡಿಗ್ರಿ. ಅದರಲ್ಲಿ 6 ಡಿಗ್ರಿ ತಿರುಗಿಸಿ ಜೋಡಿ ಮಾಡಿದರೆ, 6 ಸೆಂ.ಮೀ. ಅಗಲದ ಚಿತ್ರದ ಅಂಚಿನಲ್ಲಿ ಒಂದೂವರೆ ಮಿ.ಮೀ.ನಷ್ಟು ಮೇಲೆ-ಕೆಳಗಿನ ದೋಷ ನುಸುಳುತ್ತದೆ. ಆಳ ತರುವ ವ್ಯತ್ಯಾಸದಷ್ಟೇ ದೊಡ್ಡ ದೋಷ! ಮೊದಲು ಗ್ರಾಫನ್ನು ಬೇಕಾದಂತೆ ಓರೆಯಾಗಿ ನಿಲ್ಲಿಸಿ, ಕೊನೆಗೆ ಪರದೆಯ ನೆಟ್ಟ ಗೆರೆಯ ಸುತ್ತ ತಿರುಗಿಸುವುದು ಸರಿಯಾದ ಕ್ರಮ.

ಸಂಖ್ಯಾಶಾಸ್ತ್ರಜ್ಞರ ‘ಆರ್’ ಭಾಷೆಯ ಲ್ಯಾಟಿಸ್ ಪ್ಯಾಕೇಜಿನ ಕೈಪಿಡಿಯಲ್ಲಿ ಇದರ ಸೊಗಸಾದ ಉದಾಹರಣೆಯಿದೆ. ರೊನಾಲ್ಡ್ ಫಿಶರ್ 1936ರಲ್ಲಿ ಬಳಸಿದ 150 ಐರಿಸ್ ಹೂಗಳ ಅಳತೆಗಳೇ ಅಲ್ಲಿನ ದತ್ತಾಂಶ. ಒಂದೇ ಪ್ಲಾಟನ್ನು ಎರಡು ಸಲ ಬಿಡಿಸುತ್ತಾರೆ. ವ್ಯತ್ಯಾಸ ಕೊನೆಯ ತಿರುವಿನದು ಮಾತ್ರ: ಒಂದರಲ್ಲಿ 0 ಡಿಗ್ರಿ, ಇನ್ನೊಂದರಲ್ಲಿ 3. ಮೂರು ಜಾತಿಯ ಹೂಗಳು ಮೂರು ಗುಂಪಾಗಿ ಗಾಳಿಯಲ್ಲಿ ತೂಗುತ್ತವೆ.

> ಯಾವ ತಂತ್ರಾಂಶದಲ್ಲಿ ಹೇಗೆ?
>
> ಪೈಮಾಲ್ (ಅಣುಗಳಿಗೆ): ‘ಸ್ಟೀರಿಯೊ ವಾಲ್‌ಐ’ ಎಂದರೆ ನೇರನೋಟದ ಜೋಡಿ; ‘ಸ್ಟೀರಿಯೊ ಕ್ರಾಸ್‌ಐ’ ಎಂದರೆ ಅಡ್ಡನೋಟದ ಜೋಡಿ; ‘ಸ್ಟೀರಿಯೊ ಅನಾಗ್ಲಿಫ್’ ಎಂದರೆ ಬಣ್ಣದ ಕನ್ನಡಕಕ್ಕೆ.
>
> ಪ್ಯಾರಾವ್ಯೂ (ಎಂಜಿನಿಯರಿಂಗ್ ದತ್ತಾಂಶಕ್ಕೆ): ಸ್ಟೀರಿಯೊ ಆಯ್ಕೆಗಳು ಒಳಗೇ ಇವೆ.
>
> ಆರ್, ಪೈಥಾನ್, ಗ್ನುಪ್ಲಾಟ್: ಒಂದೇ ಪ್ಲಾಟನ್ನು ಅಕ್ಕಪಕ್ಕ ಎರಡು ಸಲ ಬಿಡಿಸಿ. ಅಕ್ಷ, ಅಳತೆ, ಬಣ್ಣ ಎಲ್ಲ ಒಂದೇ ಇರಲಿ.
>
> ನೆನಪಿಡಿ: ನೇರನೋಟದ ಜೋಡಿಯಲ್ಲಿ ಒಂದೇ ಬಿಂದುವಿನ ಎರಡು ಪ್ರತಿಗಳ ನಡುವಿನ ಅಂತರ 6 ಸೆಂ.ಮೀ. ದಾಟಬಾರದು. ಕಣ್ಣುಗಳು ಹೊರಮುಖವಾಗಿ ತಿರುಗಲಾರವು!

ಎಡಬಲ ತಪ್ಪಿದರೆ

ಜೋಡಿಚಿತ್ರ ನೋಡಲು ಎರಡು ದಾರಿ. ಎಡಗಣ್ಣು ಎಡ ಚಿತ್ರವನ್ನೂ ಬಲಗಣ್ಣು ಬಲ ಚಿತ್ರವನ್ನೂ ನೋಡುವುದು ನೇರನೋಟ. ಮೂಗಿನ ತುದಿ ನೋಡುವಂತೆ ಕಣ್ಣು ಒಳಕ್ಕೆ ತಿರುಗಿಸಿ ಎಡಗಣ್ಣಿಂದ ಬಲ ಚಿತ್ರ, ಬಲಗಣ್ಣಿಂದ ಎಡ ಚಿತ್ರ ನೋಡುವುದು ಅಡ್ಡನೋಟ. ದೊಡ್ಡ ಪರದೆಗೆ ಅಡ್ಡನೋಟವೇ ಅನುಕೂಲ, ಅದಕ್ಕೆ 6 ಸೆಂ.ಮೀ. ಮಿತಿಯಿಲ್ಲ.

ಒಂದಕ್ಕೆಂದು ಮಾಡಿದ್ದನ್ನು ಇನ್ನೊಂದರಿಂದ ನೋಡಿದರೆ? ಆಳ ಕಾಣುತ್ತದೆ, ಆದರೆ ತಿರುವುಮುರುವಾಗಿ. ಬೆಟ್ಟ ಕಣಿವೆಯಾಗುತ್ತದೆ.

ಗ್ರಾಫಿನಲ್ಲಿ ಬೆಟ್ಟ ಕಣಿವೆಯಾದರೆ ಹೇಗೋ ಸರಿಪಡಿಸಿಕೊಳ್ಳಬಹುದು. ಅಣುಗಳಲ್ಲಿ ಅದು ಅನರ್ಥ. ಮುಂದಿದ್ದುದು ಹಿಂದಾದರೆ ಅಣು ತನ್ನದೇ ಕನ್ನಡಿಬಿಂಬವಾಗುತ್ತದೆ. ಪ್ರೊಟೀನುಗಳ ಆಲ್ಫಾ ಸುರುಳಿ ಬಲಮುರಿ. ತಪ್ಪಾಗಿ ನೋಡಿದರೆ ಎಡಮುರಿಯಾಗಿ ಕಾಣುತ್ತದೆ. ರಾಮಚಂದ್ರನ್ ಮದರಾಸಿನಲ್ಲಿದ್ದಾಗ ಬಿಡಿಸಿದ ಕೊಲಾಜೆನ್ ಒಗಟಿನಲ್ಲಂತೂ ಮೂರು ಎಡಮುರಿ ಎಳೆಗಳು ಸೇರಿ ಬಲಮುರಿ ಹುರಿಯಾಗುತ್ತವೆ. ಅಲ್ಲಿ ಎಡಬಲ ಅದಲುಬದಲಾದರೆ ಇಡೀ ಹುರಿಯೇ ತಲೆಕೆಳಗು. ಪತ್ರಿಕೆಯ ಅಚ್ಚುಮನೆಯಲ್ಲಿ ಎರಡು ಚಿತ್ರಗಳ ಜಾಗ ಬದಲಾದರೂ ಇದೇ ಅವಘಡ. ಸ್ಟೀರಿಯೊ ಜೋಡಿಯ ಕೆಳಗೆ ಅದು ಯಾವ ನೋಟಕ್ಕೆಂದು ಬರೆಯದಿದ್ದರೆ ಅದು ಅರೆಬರೆ ಚಿತ್ರ.

ತಿರುಗಿಸಿದರೆ ಸಾಲದೇ?

ಇಂದಿನವರ ಪ್ರಶ್ನೆ ಸಹಜ. ಮೌಸ್ ಹಿಡಿದು ಗ್ರಾಫನ್ನು ಬೇಕಾದ ಕಡೆ ತಿರುಗಿಸಬಹುದಾದಾಗ ಕಣ್ಣಿಗೇಕೆ ಈ ವ್ಯಾಯಾಮ?

ತಿರುಗಿಸುವುದಕ್ಕೆ ದೊಡ್ಡ ಬಲವಿದೆ. 1960ರ ದಶಕದಲ್ಲಿ ಐಬಿಎಂ ಗಣಕಗಳ ಜೊತೆ ಬಂದ ರ‍್ಯಾಂಡು ಎಂಬ ಯಾದೃಚ್ಛಿಕ ಸಂಖ್ಯೆಗಳ ತಂತ್ರಾಂಶದ ಕಥೆ ಕೇಳಿ. ಪ್ರತಿ ಸಲ ಹಿಂದಿನ ಸಂಖ್ಯೆಯನ್ನು 65,539ರಿಂದ ಗುಣಿಸಿ ಹೊಸ ಸಂಖ್ಯೆ ಕೊಡುತ್ತಿತ್ತು. ಎರಡೆರಡು ಸಂಖ್ಯೆ ತೆಗೆದು ಚಪ್ಪಟೆ ಗ್ರಾಫಿನಲ್ಲಿಟ್ಟರೆ ಯಾವ ಲಯವೂ ಕಾಣದು. ಮೂರು ಮೂರಾಗಿ ತೆಗೆದು ಘನದೊಳಗೆ ಚುಕ್ಕೆಯಿಟ್ಟು ತಿರುಗಿಸುತ್ತಾ ಹೋಗಿ. ಒಂದು ಕೋನದಲ್ಲಿ ಚುಕ್ಕೆಗಳೆಲ್ಲ ಹದಿನೈದು ಹಾಳೆಗಳಾಗಿ ಸಾಲುಗಟ್ಟಿ ನಿಲ್ಲುತ್ತವೆ! ಯಾದೃಚ್ಛಿಕ ಎಂದು ನಂಬಿ ಲೆಕ್ಕ ಮಾಡಿದವರ ಗತಿ ಏನಾಗಿರಬೇಡ? ಇಂಥ ಸಂಖ್ಯೆಗಳು ತಲಗಳ ಮೇಲೆ ಬೀಳುತ್ತವೆಂದು ಜಾರ್ಜ್ ಮಾರ್ಸಾಲಿಯ 1968ರಲ್ಲಿ ಗಣಿತದ ಮೂಲಕವೇ ತೋರಿಸಿದ.

ಆದರೆ ತಿರುಗುವ ಚಿತ್ರಕ್ಕೆ ಒಂದು ದೌರ್ಬಲ್ಯ: ತಿರುಗಿಸುವುದು ನಿಂತ ಕ್ಷಣ ಆಳ ಮಾಯ. ಚುಕ್ಕೆಯೊಂದರ ಮೇಲೆ ಬೆರಳಿಟ್ಟು ‘ಇದೇಕೆ ಗುಂಪಿನಿಂದ ಹೊರಗಿದೆ?’ ಎಂದು ಯೋಚಿಸಬೇಕಾದ್ದು ಚಿತ್ರ ನಿಂತಾಗಲೇ. ಜೋಡಿಚಿತ್ರದ ಆಳ ಅಲುಗದೆ ನಿಲ್ಲುತ್ತದೆ. ಕಾಗದದ ಮೇಲೆ ನಿಲ್ಲುತ್ತದೆ, ಪಿಡಿಎಫ್‌ನಲ್ಲಿ ನಿಲ್ಲುತ್ತದೆ, ಗ್ರಂಥಾಲಯದ ಕಪಾಟಿನಲ್ಲೂ ನಿಲ್ಲುತ್ತದೆ. 1965ರ ತಂತ್ರಾಂಶ ಓಡಿಸುವ ಗಣಕಗಳು ಗುಜರಿ ಸೇರಿದ್ದರೂ ಅದು ಬಿಡಿಸಿದ ಅವಳಿ ಅಣುಗಳನ್ನು ಇಂದೂ ಆಳವಾಗಿಯೇ ನೋಡಬಹುದು. ಹತ್ತು ವರ್ಷದ ಹಿಂದಿನ ವರ್ಚುವಲ್ ರಿಯಾಲಿಟಿ ಫೈಲನ್ನು ಇಂದು ತೆರೆಯಲು ಹೋಗಿ ನೋಡಿ.

ಅನಾಗ್ಲಿಫ್‌ಗೂ ಜೋಡಿಚಿತ್ರಕ್ಕೂ ಇರುವ ವ್ಯತ್ಯಾಸವೂ ಇಲ್ಲಿ ಮುಖ್ಯ. ಕೆಂಪು-ನೀಲಿ ಕನ್ನಡಕ ಆಳವನ್ನು ಕೊಡುವಾಗ ಬಣ್ಣವನ್ನು ಕಸಿಯುತ್ತದೆ. ವಿಕ್ರಮ್ ನಿಂತ ಬೂದು ನೆಲಕ್ಕೆ ಅದರಿಂದ ನಷ್ಟವಿಲ್ಲ. ಬಣ್ಣಬಣ್ಣದ ಚುಕ್ಕೆಗಳಿಂದ ಗುಂಪು ಗುರುತಿಸುವ ಗ್ರಾಫಿಗೆ ಅದು ದೊಡ್ಡ ನಷ್ಟ. ಜೋಡಿಯಲ್ಲಿ ಬಣ್ಣ ಹಾಗೇ ಉಳಿಯುತ್ತದೆ.

> ಎಲ್ಲರಿಗೂ ಕಾಣದು
>
> ಬಾಲ್ಯದ ಮೆಳ್ಳೆಗಣ್ಣು ಮುಂತಾದ ಕಾರಣಗಳಿಂದ ಕೆಲವರಿಗೆ ಎರಡು ಬಿಂಬಗಳನ್ನು ಬೆಸೆಯಲು ಆಗುವುದಿಲ್ಲ. ಅವರ ಲೋಕ ಚಪ್ಪಟೆಯೇನಲ್ಲ. ನೆರಳು, ಗಾತ್ರ, ಚಲನೆಗಳಿಂದ ಅವರೂ ದೂರ ಅಳೆಯುತ್ತಾರೆ.
>
> ಅಮೆರಿಕದ ನರವಿಜ್ಞಾನಿ ಸೂಸನ್ ಬ್ಯಾರಿ ಅವರಿಗೆ ಸ್ಟೀರಿಯೊ ನೋಟ ದಕ್ಕಿದ್ದು ಕಣ್ಣಿನ ವ್ಯಾಯಾಮಗಳ ಫಲವಾಗಿ, 48ನೇ ವಯಸ್ಸಿನಲ್ಲಿ. ಆಲಿವರ್ ಸ್ಯಾಕ್ಸ್ 2006ರಲ್ಲಿ ಅವರ ಬಗ್ಗೆ ಬರೆದ ಮೇಲೆ ಅವರು ‘ಸ್ಟೀರಿಯೊ ಸೂ’ ಎಂದೇ ಹೆಸರಾದರು.
>
> ಜೋಡಿಯಲ್ಲಿನ ಪ್ರತಿ ಚಿತ್ರವೂ ಬಿಡಿಯಾಗಿ ನೋಡಿದರೆ ಸಾಮಾನ್ಯ ಗ್ರಾಫೇ. ಬೆಸೆಯಲಾಗದವರು ಕಳೆದುಕೊಳ್ಳುವುದೇನೂ ಇಲ್ಲ.

ಪಠ್ಯಪುಸ್ತಕಕ್ಕೆ ಒಂದು ಅರ್ಜಿ

ಇಷ್ಟು ಅಗ್ಗದ, ಇಷ್ಟು ಬಾಳಿಕೆ ಬರುವ ಉಪಾಯ ಸಂಶೋಧನಾ ಪತ್ರಿಕೆಗಳಲ್ಲೇ ಯಾಕೆ ಉಳಿಯಿತು? ಅಲ್ಲೂ ಈಗ ಕಡಿಮೆಯಾಗುತ್ತಿದೆ. ತೆರೆಯ ಮೇಲೆ ತಿರುಗುವ ಮಾದರಿಗಳು ಅದರ ಜಾಗ ಹಿಡಿದಿವೆ. ಕಲಿಯಲು ಹತ್ತು ನಿಮಿಷ ಬೇಕು ಎಂಬುದೇ ಅದರ ಶತ್ರು. ಮೊದಲ ಸಲ ಕಣ್ಣು ಸಡಿಲಿಸುವಾಗ ಆಗುವ ಕಿರಿಕಿರಿಗೆ ಹೆದರಿ ಬಹಳ ಮಂದಿ ಬಿಟ್ಟುಬಿಡುತ್ತಾರೆ.

ಆ ಹತ್ತು ನಿಮಿಷ ಕೊಡಲು ತಕ್ಕ ವಯಸ್ಸು ಪಿಯುಸಿ. ರಸಾಯನಶಾಸ್ತ್ರದಲ್ಲಿ ಮೀಥೇನ್ ಅಣುವಿನ ನಾಲ್ಕು ಹೈಡ್ರೊಜನ್ನುಗಳು 109.5 ಡಿಗ್ರಿ ಕೋನದಲ್ಲಿ ನಾಲ್ಕು ದಿಕ್ಕಿಗೆ ಚಾಚಿವೆ ಎಂದು ಕಲಿಸುತ್ತೇವೆ. ಚಿತ್ರದಲ್ಲಿ ದಪ್ಪ ಬೆಣೆ ಎಂದರೆ ಮುಂದೆ, ತುಂಡುಗೆರೆ ಎಂದರೆ ಹಿಂದೆ ಎಂಬ ಸಂಕೇತ. ಮಕ್ಕಳು ಸಂಕೇತವನ್ನು ಬಾಯಿಪಾಠ ಮಾಡುತ್ತಾರೆ, ಆಕಾರವನ್ನು ಕಾಣುವುದಿಲ್ಲ. ವಜ್ರದ ಜಾಲರಿ, ಉಪ್ಪಿನ ಹರಳು, ಗಣಿತದ ಮೂರು ಆಯಾಮದ ರೇಖಾಗಣಿತ, ಎಲ್ಲದರದ್ದೂ ಇದೇ ಪಾಡು. ಊರಿನ ಕಾಲೇಜಿಗೆ ಸ್ಮಾರ್ಟ್ ಬೋರ್ಡ್ ಬಂದಿದ್ದರೂ ಪರೀಕ್ಷೆಯ ಹಿಂದಿನ ರಾತ್ರಿ ಮಗುವಿನ ಕೈಯಲ್ಲಿರುವುದು ಪುಸ್ತಕ.

ಆ ಪುಸ್ತಕದಲ್ಲಿ ಮೀಥೇನಿನ ಪಕ್ಕ ಇನ್ನೊಂದು ಮೀಥೇನ್ ಇರಲಿ, 6 ಡಿಗ್ರಿ ತಿರುಗಿಸಿದ್ದು. ಕೆಳಗೆ ಒಂದು ಸಾಲು: ‘ನೇರನೋಟಕ್ಕೆ’. ಕಾಗದ ಅದೇ, ಶಾಯಿ ಅದೇ, ತಂತ್ರಾಂಶಕ್ಕೆ ಕಾಸು ಕೊಡಬೇಕಿಲ್ಲ. ತರಗತಿಯಲ್ಲಿ ಅರ್ಧದಷ್ಟು ಮಕ್ಕಳಿಗೆ ಮೊದಲ ದಿನ ಕಾಣದಿರಬಹುದು. ಕಂಡವರು ಕಾಣದವರಿಗೆ ಹೇಳಿಕೊಡುತ್ತಾರೆ. ಪುಸ್ತಕ ಬರೆಯುವ ಮೇಷ್ಟ್ರು ಒಂದು ಎಚ್ಚರಿಕೆ ವಹಿಸಿದರೆ ಸಾಕು: ಅಚ್ಚಿಗೆ ಹೋಗುವ ಮುನ್ನ ಎಡ ಯಾವುದು, ಬಲ ಯಾವುದು ಎಂದು ಇನ್ನೊಮ್ಮೆ ನೋಡಿಬಿಡಲಿ.